ಎರಡು ಸಲ ಮಿಂಚಿ ನನ್ನ ಹೆಂಡತಿಯನ್ನು ಕರೆಯುವ ದೀಪದವರಿಗೆ

ಸಣ್ಣ ವಿಮಾನದ ಎಡರೆಕ್ಕೆಯ ತುದಿಯಲ್ಲಿ ವಾಸವಾಗಿರುವ, ಡಿಕ್ಕಿ ತಡೆಯುವ ಎಲ್‌ಇಡಿ ದೀಪದವರ ಸನ್ನಿಧಿಗೆ. ಬಲರೆಕ್ಕೆಯ ತುದಿಯಲ್ಲಿರುವ ತಮ್ಮ ಸಹೋದರರ ಗಮನಕ್ಕೂ.

ಮಾನ್ಯರೇ,

ನ್ಯಾಲ್ಕಲ್ ಮಂಡಲದ ಕಟ್ಟಕಡೆಯ ಹಳ್ಳಿಯಿಂದ, ಅಂದರೆ ಇನ್ನೆರಡು ಹೊಲ ದಾಟಿದರೆ ಕರ್ನಾಟಕ ಎನ್ನುವ ಜಾಗದಿಂದ, ಕುರಿ ಸಾಕುವ ಧರ್ಮಣ್ಣನು ಮಾಡುವ ಸಾಷ್ಟಾಂಗ ನಮಸ್ಕಾರಗಳನ್ನು ತಾವು ಯಾವ ಎತ್ತರದಲ್ಲಿದ್ದೀರೋ ಆ ಎತ್ತರದಲ್ಲಿಯೇ ಸ್ವೀಕರಿಸಬೇಕೆಂದು ಪ್ರಾರ್ಥನೆ. ಇಲ್ಲಿ ನಾನು, ನನ್ನ ಹೆಂಡತಿ ಮಾಣಿಕಮ್ಮ, ಕುರಿಗಳು, ನಾಯಿ ಮೋತಿ ಎಲ್ಲರೂ ಕ್ಷೇಮ, ನನ್ನ ಎಡಗಾಲೊಂದನ್ನು ಬಿಟ್ಟು. ಅದರ ವಿಷಯ ಮುಂದೆ ಬರುತ್ತದೆ. ತಮ್ಮ ಕ್ಷೇಮಸಮಾಚಾರ ಕೇಳುವ ಅಗತ್ಯವಿಲ್ಲ, ಏಕೆಂದರೆ ಭಾನುವಾರವೊಂದನ್ನು ಬಿಟ್ಟು ದಿನಾ ಸಂಜೆ ಅದನ್ನು ಕಣ್ಣಾರೆ ನೋಡುತ್ತಿದ್ದೇನೆ.

ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಗಡಿಯಾಚೆಯ ಕನ್ನಡ ಶಾಲೆಯಲ್ಲಿ ಹತ್ತನೆಯವರೆಗೆ ಓದಿದವನು, ಊರಿನವರ ಅರ್ಜಿಗಳನ್ನು ತೆಲುಗಿನಲ್ಲಿ ಬರೆದುಕೊಡುವವನೂ ನಾನೇ. ಆದರೆ ಇದನ್ನು ತೆಲುಗಿನಲ್ಲಿ ಬರೆದರೆ ಯಾವುದಾದರೂ ಕಚೇರಿಯವರು ತಮಗೇ ಬಂದದ್ದೆಂದು ತಿಳಿದು ಮುದ್ರೆ ಒತ್ತಿ ಬೀರುವಿನೊಳಗೆ ಇಟ್ಟುಬಿಟ್ಟಾರೆಂಬ ಭಯ. ಉರ್ದುವಿನಲ್ಲಿ ನನಗೆ ಜಗಳವಾಡಲು ಬರುತ್ತದೆ, ಬರೆಯಲು ಬರುವುದಿಲ್ಲ. ಮನಸ್ಸಿಗೆ ತಾಗಿದ್ದನ್ನು ಬರೆಯುವುದಕ್ಕೆ ಉಳಿದಿರುವುದು ಇದೊಂದೇ ಭಾಷೆ, ತಾವು ಹೊಂದಿಸಿಕೊಳ್ಳಬೇಕು.

ದೂರು ಹೇಳುವ ಮೊದಲು ಎದುರಿನವರನ್ನು ಹೊಗಳುವುದು ನಮ್ಮ ಕಡೆಯ ರಿವಾಜು, ನಾನು ಬರೆದ ಯಾವ ಅರ್ಜಿಯಲ್ಲಿಯೂ ಅದನ್ನು ತಪ್ಪಿಸಿಲ್ಲ. ಜಹೀರಾಬಾದಿನ ಕಡೆಯ ಬಯಲಿನಲ್ಲಿ ಯಾರೋ ವಿಮಾನ ಹಾರಿಸುವುದನ್ನು ಕಲಿಸುವ ಖಾಸಗಿ ಶಾಲೆ ತೆರೆದು ಕೆಲವು ವರ್ಷಗಳಾದವು. ಕಾರಿಗಿಂತ ತುಸು ಉದ್ದವಿರುವ ಅದರ ಪುಟ್ಟ ವಿಮಾನವು ದಿನಾ ಸಂಜೆ, ಕಲಿಯುವ ಹುಡುಗರನ್ನು ಕೂರಿಸಿಕೊಂಡು, ನಾರಾಯಣಖೇಡದ ಕಡೆಯಿಂದ ಸುತ್ತು ಹೊಡೆದು ಬಂದು ನಮ್ಮ ಮಾಳಿಗೆಯ ಮೇಲೆಯೇ ಕೆಳಗಿಳಿಯುತ್ತ ಹೋಗುತ್ತದೆ. ಮೊದಲು ಅದರ ಮೇಲೆ ಹಳೆಯದೊಂದು ಕೆಂಪು ದೀಪವಿತ್ತು. ಊಟವಾದ ಮೇಲೆ ಕಟ್ಟೆಗೆ ಕೂತ ಮುದುಕನಂತೆ ಅದು ನಿಧಾನವಾಗಿ ಕಣ್ಣು ತೆರೆಯುತ್ತ, ಮುಚ್ಚುತ್ತ ಹೋಗುತ್ತಿತ್ತು. ಅದರಿಂದ ಯಾರಿಗೂ ಉಪಕಾರವಿರಲಿಲ್ಲ, ತೊಂದರೆಯೂ ಇರಲಿಲ್ಲ. ಕಳೆದ ದೀಪಾವಳಿ ಮುಗಿದ ಮೇಲೆ ಆ ವಿಮಾನಕ್ಕೆ ತಾವು ದಯಮಾಡಿಸಿದಿರಿ. ಬೆಳ್ಳಗೆ, ಚುರುಕಾಗಿ, ಒಂದರ ಬೆನ್ನಿಗೊಂದು ಎರಡು ಸಲ ಮಿಂಚುವುದು, ತುಸು ಸುಮ್ಮನಿರುವುದು, ಮತ್ತೆ ಎರಡು ಸಲ ಮಿಂಚುವುದು. ಅಂಥ ಶಿಸ್ತನ್ನು ನಾನು ಪೊಲೀಸ್ ಕವಾಯತಿನಲ್ಲಿಯೂ ಕಂಡಿಲ್ಲ.

ತಮ್ಮ ಕುಲಗೋತ್ರಗಳನ್ನು ನನಗೆ ತಿಳಿಸಿದವನು ಶರಣಕುಮಾರ. ತಮ್ಮ ಶಾಲೆಯಲ್ಲಿ ವಿಮಾನ ರಿಪೇರಿ ಮಾಡುವ ಈ ಬೀದರ ಕಡೆಯ ಹುಡುಗ, ಮಗಳ ಮೊದಲ ಕೂದಲು ತೆಗೆಸುವ ಜವಳದ ಊಟಕ್ಕೊಂದು ಟಗರು ಬೇಕೆಂದು ನಮ್ಮಲ್ಲಿಗೆ ಬಂದಿದ್ದ. ಪ್ರತಿಯೊಂದು ಟಗರಿನ ಬೆನ್ನನ್ನೂ ಹಿಸುಕಿ ನೋಡುತ್ತ ಅರ್ಧ ದಿನ ಕಳೆದ. ಆ ಹೊತ್ತಿನಲ್ಲಿ ನಾನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ಹಳೆಯ ದೀಪದೊಳಗೆ ಬಲ್ಬು ಇತ್ತಂತೆ, ಬಿಸಿಯಾಗಿ ಸುಟ್ಟುಹೋಗುತ್ತಿತ್ತಂತೆ. ತಾವು ಕರೆಂಟು ಕಡಿಮೆ ತಿಂದು ಹೆಚ್ಚು ಕೆಲಸ ಮಾಡುತ್ತೀರಂತೆ, ಹಗಲಿನಲ್ಲಿಯೂ ದೂರಕ್ಕೆ ಕಾಣುತ್ತೀರಂತೆ. ಆಕಾಶದಲ್ಲಿ ಒಂದು ವಿಮಾನ ಇನ್ನೊಂದಕ್ಕೆ ಡಿಕ್ಕಿ ಹೊಡೆಯದಂತೆ ತಡೆಯುವುದೊಂದೇ ತಮ್ಮ ನೌಕರಿಯಂತೆ. ಹಾಗಾದರೆ ಎರಡೆರಡು ಸಲ ಏಕೆ ಮಿಂಚಬೇಕು, ಒಂದೇ ಸಲ ಸಾಲದೇ ಎಂದು ಕೇಳಿದೆ.

"ಒಂದೇ ಸಲ ಮಿಂಚಿದ್ರ ಕಣ್ಣಿಗಿ ನಂಬಿಕಿ ಆಗಂಗಿಲ್ರಿ ಕಾಕಾ," ಎಂದ. "ಎರಡನೇದು ಬಿತ್ತಂದ್ರ, ಅಲ್ಲಿ ಯಾರೋ ಅದಾರ ಅಂತ ಖಾತ್ರಿ ಆಗ್ತದ."

ಮಾನ್ಯರೇ, ಆ ಮಾತು ನನಗೆ ನೇರವಾಗಿ ತಾಗಿತು, ಏಕೆಂದರೆ ಹೆಂಡತಿಯನ್ನು ಕರೆಯಲು ನಾನೂ ಬ್ಯಾಟರಿಯನ್ನು ಎರಡೇ ಸಲ ಮಿಂಚಿಸುವುದು. ತಮಗೂ ನನಗೂ ಇರುವ ವ್ಯಾಜ್ಯ ಶುರುವಾಗುವುದು ಇಲ್ಲಿಂದಲೇ.

ನಮ್ಮ ಮನೆಯಲ್ಲಿ ಕುರಿ ಮೇಯಿಸುವುದು ಮಾಣಿಕಮ್ಮ, ರೊಟ್ಟಿ ಬಡಿಯುವುದು ನಾನು. ನನ್ನ ಬಲ ಮೊಣಕಾಲು ಕೆಟ್ಟ ಮೇಲೆ ಹೀಗೆ ಏರ್ಪಾಡಾಯಿತು. ಊರಿನವರು ಮೊದಮೊದಲು ನಕ್ಕರು, ನನ್ನ ಜೋಳದ ರೊಟ್ಟಿ ತಿಂದ ಮೇಲೆ ಸುಮ್ಮನಾದರು. ಆಕೆ ಬೆಳಿಗ್ಗೆ ಕುರಿ ಹೊಡೆದುಕೊಂಡು ಊರೆದುರಿನ ಕೆಂಪು ಕಲ್ಲಿನ ದಿಬ್ಬದ ಮೇಲೆ ಹೋದರೆ ಕತ್ತಲಾಗುವ ಹೊತ್ತಿಗೆ ಇಳಿದು ಬರುತ್ತಾಳೆ. ದಿಬ್ಬಕ್ಕೂ ಊರಿಗೂ ನಡುವೆ ಡಾಂಬರು ರಸ್ತೆ. ಚಳಿಗಾಲದಲ್ಲಿ ಅದರ ತುಂಬ ಕಬ್ಬಿನ ಟ್ರ್ಯಾಕ್ಟರುಗಳು, ಒಂದೊಂದಕ್ಕೂ ಹಿಂದೆ ಎರಡೆರಡು ಗಾಡಿ.

ಮಗಳು ಶಿರೀಷಾ ಹುಟ್ಟಿದ ಮರುವರ್ಷ ಮಾಣಿಕಮ್ಮನಿಗೆ ಜ್ವರ ಬಂದಿತ್ತು. ಜ್ವರ ಹೋಯಿತು, ಹೋಗುವಾಗ ಕಿವಿಗಳನ್ನೂ ಒಯ್ದಿತು. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ಎಲ್ಲ ತಿಳಿದುಕೊಳ್ಳುತ್ತಾಳೆ, ನಾನು ಗೊಣಗಿದ್ದನ್ನೂ ಬಿಡುವುದಿಲ್ಲ. ಆದರೆ ಅಲ್ಲಿಯವರೆಗೆ ನಾನು ಮಾಳಿಗೆಯ ಮೇಲೆ ನಿಂತು ಒಂದು ಕೂಗು ಹಾಕಿದರೆ ದಿಬ್ಬದ ಮೇಲಿಂದ ತಿರುಗಿ ನೋಡುತ್ತಿದ್ದವಳು, ಆ ಮೇಲೆ ನೋಡಲಿಲ್ಲ. ಮೊದಲ ಕೆಲವು ದಿನ ನಾನು ತಿಳಿಯದೆ ಕೂಗುತ್ತಲೇ ಇದ್ದೆ. ಕೂಗುವ ದೂರದಲ್ಲಿದ್ದ ಹೆಂಡತಿ ಒಮ್ಮೆಲೇ ಪರವೂರಿಗೆ ಹೋದಂತೆ ಆಯಿತು, ನನಗೆ ಬಹಳ ಹೆದರಿಕೆಯಾಯಿತು.

ಕುರಿಯವರಾದ ನಮ್ಮಲ್ಲಿ ಬ್ಯಾಟರಿಯ ಮಾತು ಎಂಬುದೊಂದು ಇದೆ. ರೈತರ ಹೊಲದಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿ ಮಲಗಿಸಿದಾಗ ಒಂದು ಹಟ್ಟಿಯವರು ಇನ್ನೊಂದು ಹಟ್ಟಿಯವರ ಕಡೆಗೆ ಬ್ಯಾಟರಿ ಬೆಳಕು ಬಿಟ್ಟು ಮಾತಾಡುತ್ತಾರೆ. ಒಂದು ಸಲ ಮಿಂಚಿಸಿದರೆ ಇದ್ದೇನೆ ಎಂದರ್ಥ. ಬೆನ್ನಿಗೆ ಬೆನ್ನು ಎರಡು ಸಲ ಮಿಂಚಿಸಿದರೆ, ತೋಳ ಬಂದಿದೆ, ಕೈಯಲ್ಲಿದ್ದುದನ್ನು ಬಿಟ್ಟು ಬಾ ಎಂದರ್ಥ. ನಾವಿಬ್ಬರೂ ಆ ಹೊಲದ ಮಾತನ್ನು ಮನೆಗೆ ತಂದುಕೊಂಡೆವು. ನಾರಾಯಣಖೇಡದ ಸಂತೆಯಲ್ಲಿ ಒಳ್ಳೆಯ ಬ್ಯಾಟರಿ ಎರಡು ತಂದೆ, ಒಂದು ಆಕೆಗೆ, ಒಂದು ನನಗೆ. ಎರಡು ಸಲ ಮಿಂಚಿದರೆ ಎಲ್ಲಿದ್ದರೂ ಬರುತ್ತೇನೆ ಎಂದು ಆಕೆ ನಮ್ಮ ಕುಲದೇವರು ಬೀರಪ್ಪನ ಮೇಲೆ ಆಣೆ ಇಟ್ಟಳು. ಸಾರು ಆರುತ್ತದೆ, ನೆಂಟರು ಬಂದಿದ್ದಾರೆ ಎಂಬ ಸಣ್ಣಪುಟ್ಟ ಕಾರಣಕ್ಕೆಲ್ಲ ಮಿಂಚಿಸುವುದಿಲ್ಲ ಎಂದು ನಾನೂ ಆಣೆ ಇಟ್ಟೆ. ಶಿರೀಷಾಳಿಗೆ ಚೇಳು ಕಡಿದಾಗ ಮಿಂಚಿಸಿದೆ. ನನ್ನ ತಾಯಿಯ ಉಸಿರು ಎಳೆಯತೊಡಗಿದಾಗ ಮಿಂಚಿಸಿದೆ. ತಾಂಡೂರಿನಲ್ಲಿ ಶಿರೀಷಾಳ ಹೆರಿಗೆ ಕಷ್ಟವಾಗಿದೆ ಎಂದು ಸುದ್ದಿ ಬಂದಾಗ ಮಿಂಚಿಸಿದೆ. ಪ್ರತಿ ಸಲವೂ ದಿಬ್ಬದ ಮೇಲಿಂದ ಒಂದು ಬೆಳಕು ಬಂದು ನನ್ನ ಮುಖಕ್ಕೆ ತಾಗುತ್ತಿತ್ತು, ಅದರ ಹಿಂದೆಯೇ ಆಕೆ ಬರುತ್ತಿದ್ದಳು. ಆ ಒಂದು ಬೆಳಕಿನ ನೆಚ್ಚಿಕೆಯಲ್ಲಿ ನಾನು ಇಷ್ಟು ವರ್ಷ ಸಂಸಾರ ಮಾಡಿದ್ದೇನೆ.

ಈಗ ತಮ್ಮ ವಿಷಯ. ದಿಬ್ಬದ ಮೇಲೆ ನಿಂತು ನೋಡಿದರೆ ನಮ್ಮ ಮಾಳಿಗೆಯೂ ತಾವು ಇಳಿಯುವ ಹಾದಿಯೂ ಒಂದೇ ನೇರಕ್ಕೆ ಬರುತ್ತವೆ. ಕಿವಿಯಿರುವವರಿಗೆ ವಿಮಾನದ ಸದ್ದು ಮೊದಲು ಕೇಳುತ್ತದೆ, ಆಮೇಲೆ ತಾವು ಕಾಣುತ್ತೀರಿ. ಮಾಣಿಕಮ್ಮನಿಗೆ ಬರೀ ತಾವು ಕಾಣುತ್ತೀರಿ. ಮೊದಲ ದಿನ ನಾನು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದೆ. ಏದುಸಿರು ಬಿಡುತ್ತ ಆಕೆ ಒಳಗೆ ಬಂದಳು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ನನ್ನ ಮುಖ ನೋಡಿದಳು, ಒಲೆ ನೋಡಿದಳು, ಕುರಿಮರಿಗಳ ಗೂಡು ನೋಡಿದಳು. ಏನಾಯಿತೆಂದು ಕೇಳಿದಳು, ಏನೂ ಆಗಿಲ್ಲವೆಂದೆ. ಮಿಂಚಿಸಿದಿರಲ್ಲ ಎಂದಳು, ಇಲ್ಲವೆಂದೆ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟ ಸಂಸಾರದಲ್ಲಿ ಆಕೆ ನನ್ನನ್ನು ಸುಳ್ಳುಗಾರನೆಂಬಂತೆ ನೋಡಿದ್ದು ಅದೇ ಮೊದಲು, ಅದನ್ನು ಮಾಡಿಸಿಕೊಟ್ಟವರು ತಾವು. ಅಷ್ಟರಲ್ಲಿ ಮೇಯಿಸುವವರಿಲ್ಲದೆ ಉಳಿದ ಕುರಿಗಳು ದಿಬ್ಬದಿಂದ ತಾವೇ ಇಳಿದು ಕಾಶಿರಾಮನ ಕಡಲೆ ಹೊಲದಲ್ಲಿ ಊಟಕ್ಕೆ ಕೂತಿದ್ದವು.

ಮರುದಿನ ಆಕೆಯನ್ನು ಮಾಳಿಗೆಗೆ ಕರೆದೊಯ್ದು, ತಾವು ಬರುವುದನ್ನೇ ಕಾದು, ಬೆರಳು ತೋರಿಸಿ, ಇದು ವಿಮಾನ, ನಾನಲ್ಲ ಎಂದು ತಿಳಿಸಿ ಹೇಳಿದೆ. ಆಕೆ ತಮ್ಮನ್ನು ಕಣ್ಣು ಕಿರಿದು ಮಾಡಿ ನೋಡಿದಳು. ನಾನು ವ್ಯಾಜ್ಯ ತೀರಿತೆಂದುಕೊಂಡೆ. ಅದರ ಮರುದಿನ ಮತ್ತೆ ಓಡಿ ಬಂದಳು. ಆಮೇಲೂ ಬಂದಳು. ದಿನಾ ಬಂದಳು.

ಡಿಕ್ಕಿ ತಡೆಯುವುದೇ ತಮ್ಮ ನೌಕರಿ ಎಂದು ಶರಣಕುಮಾರ ಹೇಳಿದ್ದನಲ್ಲ, ಆ ನೌಕರಿಯ ಫಲವನ್ನು ತಮ್ಮ ಗಮನಕ್ಕೆ ತರುವುದು ನನ್ನ ಕರ್ತವ್ಯ. ಆಕಾಶದಲ್ಲಿ ತಾವು ಎಷ್ಟು ಡಿಕ್ಕಿ ತಡೆದಿರೋ ನನಗೆ ತಿಳಿಯದು, ನೆಲದ ಮೇಲೆ ಆದದ್ದನ್ನು ಮಾತ್ರ ನೋಡಿದ್ದೇನೆ. ಓಡಿ ಬರುವ ಮಾಣಿಕಮ್ಮನಿಗೂ ಹಾಲಿನ ಕ್ಯಾನು ಕಟ್ಟಿಕೊಂಡು ಬರುವ ಬಕ್ಕಪ್ಪನ ಮೋಟಾರುಸೈಕಲ್ಲಿಗೂ ಓಣಿಯ ತಿರುವಿನಲ್ಲಿ ಡಿಕ್ಕಿಯಾಗಿ ಅರ್ಧ ಊರಿನ ಚಹಾದ ಹಾಲು ಚರಂಡಿಗೆ ಹೋಯಿತು. ಆಕೆಯ ಹಿಂದೆ ಓಡಿ ಬಂದ ನಮ್ಮ ದೊಡ್ಡ ಟಗರಿಗೂ, ಅದೇ ಹೊತ್ತಿಗೆ ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದ ವಾರ್ಡು ಮೆಂಬರ್ ಉಮಾಕಾಂತರಿಗೂ ಆದ ಡಿಕ್ಕಿಯ ಬಗ್ಗೆ ಮೆಂಬರರು ಯಾರಿಗೂ ಹೇಳಬಾರದೆಂದಿದ್ದಾರೆ, ಆದ್ದರಿಂದ ಇಲ್ಲಿಗೆ ನಿಲ್ಲಿಸುತ್ತೇನೆ. ಕಾಶಿರಾಮ ಮಾತ್ರ ಒಳ್ಳೆಯ ಮನುಷ್ಯ. ಬಾಗಿಲಲ್ಲಿ ನಿಂತು ಶಾಂತವಾಗಿ ಕೇಳಿದ: "ಕಡ್ಲಿ ಹೊಲ ಹಾಳಾಗ್ಯಾದ ಧರ್ಮಣ್ಣ. ನಿಮಗ ಬೈಲೋ, ಇಮಾನಕ್ಕ ಬೈಲೋ, ಅಷ್ಟು ಹೇಳ್ರಿ." ನಾನು ತಮ್ಮ ಹೆಸರನ್ನೇ ಸೂಚಿಸಿದೆ. ಆತ ಮೇಲೆ ನೋಡಿ ಬೈದದ್ದು ತಮಗೆ ಕೇಳಿಸಿರಲಾರದು. ಕೇಳಿಸಿದ್ದರೆ ತಾವು ಕೆಂಪಗಾಗುತ್ತಿದ್ದಿರಿ.

ಇವೆಲ್ಲ ನಗುವ ಮಾತು. ನಗಲಾರದ್ದು ಒಂದಿದೆ. ಒಂದು ಸಂಜೆ ಬೇವಿನ ಮರದ ತಿರುವಿನಲ್ಲಿ ಮಾಣಿಕಮ್ಮ ರಸ್ತೆ ದಾಟುವಾಗ ರಾಮುಲುವಿನ ಕಬ್ಬಿನ ಟ್ರ್ಯಾಕ್ಟರು ಬಂತು. ಆತ ಹಾರನ್ನು ಹೊಡೆದ, ಹೊಡೆಯುತ್ತಲೇ ಇದ್ದ. ಆಕೆ ನಮ್ಮ ಮಾಳಿಗೆಯ ಕಡೆಗೇ ನೋಡುತ್ತ ಓಡುತ್ತಿದ್ದಳು. ರಾಮುಲು ಹಾಕಿದ ಬ್ರೇಕಿಗೆ ಹಿಂದಿನ ಗಾಡಿ ಓರೆಯಾಗಿ ಕಬ್ಬೆಲ್ಲ ರಸ್ತೆಗೆ ಬಿತ್ತು. ಆಮೇಲೆ ಆತ ನಮ್ಮ ಮನೆಗೆ ಬಂದು ನೀರು ಕೇಳಿ ಕುಡಿದ. ಒಂದು ಮೊಳ, ಇಷ್ಟೇ ಇತ್ತು ಎಂದು ತೆಲುಗಿನಲ್ಲಿ ಹೇಳುತ್ತ ಕೈ ಅಗಲಿಸಿ ತೋರಿಸಿದ. ನಾನು ಆ ರಾತ್ರಿ ಉಣ್ಣಲಿಲ್ಲ. ಮಾನ್ಯರೇ, ಒಂದು ಮೊಳವೆಂದರೆ ತಮ್ಮ ಲೆಕ್ಕದಲ್ಲಿ ಎಷ್ಟು ದೂರವೋ ತಿಳಿಯದು, ನನ್ನ ಲೆಕ್ಕದಲ್ಲಿ ಅದು ಹೆಂಡತಿ ಇರುವುದಕ್ಕೂ ಇಲ್ಲದಿರುವುದಕ್ಕೂ ನಡುವಿನ ದೂರ.

ಆ ಮೇಲೆ ನಾನು ಕಚೇರಿಗಳನ್ನು ಸುತ್ತಿದೆ. ಒಂದು ಕಚೇರಿಯವರು ಆಕಾಶವು ತಮ್ಮ ಮಂಡಲದ ವ್ಯಾಪ್ತಿಗೆ ಬರುವುದಿಲ್ಲವೆಂದರು. ಇನ್ನೊಂದು ಕಚೇರಿಯವರು ವಿಮಾನ ಯಾರಿಗಾದರೂ ಡಿಕ್ಕಿ ಹೊಡೆದಿದೆಯೇ ಎಂದು ಕೇಳಿದರು. ಹೊಡೆದಿಲ್ಲ ಎಂದೆ. ಹಾಗಾದರೆ ದೀಪ ಸರಿಯಾಗಿಯೇ ಕೆಲಸ ಮಾಡುತ್ತಿದೆಯಲ್ಲ ಎಂದು ಸಂತೋಷಪಟ್ಟರು. ಟಗರಿಗೆಂದು ಬಂದ ಆ ದಿನ ಶರಣಕುಮಾರನನ್ನೂ ಕೇಳಿಕೊಂಡೆ. ನಿಮಿಷಕ್ಕೆ ಇಂತಿಷ್ಟು ಸಲ ಮಿಂಚಬೇಕೆಂದು ಮೇಲಿನವರ ಕಾಯಿದೆ ಇದೆಯಂತೆ, ಅದನ್ನು ಮುಟ್ಟಿದರೆ ಆತನ ಕೆಲಸ ಹೋಗುತ್ತದಂತೆ. ಬೇಜಾರು ಮಾಡಿಕೊಂಡು, ಜವಳಕ್ಕೆ ಊಟಕ್ಕೆ ಬನ್ನಿ ಎಂದು ಹೇಳಿ ಟಗರು ಹೊಡೆದುಕೊಂಡು ಹೋದ.

ಹೀಗಾಗಿ ಈ ಪತ್ರವನ್ನು ನೇರವಾಗಿ ತಮಗೇ ಬರೆಯಲು ಕೂತೆ. ಆ ಮೊದಲ ಕರಡಿನಲ್ಲಿ ನನ್ನ ಬೇಡಿಕೆಗಳು ಬಹಳ ವಿನಯದಿಂದ ಕೂಡಿದ್ದವು. ಗುಡಿಯ ಮುಂದೆ ಹೋಗುವಾಗ ಚಪ್ಪಲಿ ಬಿಡುವಂತೆ ನಮ್ಮ ಮಾಳಿಗೆಯ ಮೇಲೆ ಹೋಗುವಾಗ ತಾವು ಕಣ್ಣು ಮುಚ್ಚಿಕೊಳ್ಳಬೇಕು. ಅದು ಆಗದಿದ್ದರೆ ಮೂರು ಸಲ ಮಿಂಚಬೇಕು, ಮೂರಕ್ಕೆ ನಮ್ಮಲ್ಲಿ ಅರ್ಥವಿಲ್ಲ. ಅದೂ ಆಗದಿದ್ದರೆ ವಿಮಾನ ಓಡಿಸುವ ಹುಡುಗನು ದಿಬ್ಬದ ಮೇಲೆ ಬಂದಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ, ಅಮ್ಮಾ, ನಾವು, ಎದ್ದೇಳಬೇಡ ಎಂದು ತುಟಿ ಕಾಣುವ ಹಾಗೆ ಹೇಳಿ ಹೋಗಬೇಕು. ಯಾವುದೂ ಆಗದಿದ್ದರೆ ಜಹೀರಾಬಾದಿನ ಬಯಲನ್ನು ತುಸು ಆಚೆಗೆ ಸರಿಸಿಕೊಳ್ಳಬೇಕು.

ಉತ್ತರ ಬರುವವರೆಗೆ ಕೈಕಟ್ಟಿ ಕೂರುವುದು ಬೇಡವೆಂದು ನಾನೇ ಒಂದು ಉಪಾಯ ಮಾಡಿದೆ. ತಾವು ಬರುವ ಹೊತ್ತಿಗೆ ಮಾಳಿಗೆ ಹತ್ತಿ, ಬ್ಯಾಟರಿಯನ್ನು ಆರಿಸದೆ ದಿಬ್ಬದ ಕಡೆಗೆ ಹಿಡಿದು ನಿಲ್ಲುವುದು. ಕದಲದ ಬೆಳಕು ಕಂಡರೆ ನಾನು ಸುಖವಾಗಿದ್ದೇನೆ, ಬರಬೇಡ ಎಂದು ತಿಳಿಯಬೇಕು ಎಂದು ಮಾಣಿಕಮ್ಮನಿಗೆ ಹೇಳಿಕೊಟ್ಟೆ. ಕೈ ಸೋಲುವವರೆಗೆ ಹಿಡಿದು ನಿಂತೆ. ಆಕೆ ಆಗಲೂ ಬಂದಳು. ನನಗೆ ಸಿಟ್ಟು ನೆತ್ತಿಗೇರಿತು. ಕೆಟ್ಟ ಮಾತು ಆಡಿದೆ. ಕಿವಿ ಹೋಗಿತ್ತು, ಈಗ ಬುದ್ಧಿಯೂ ಹೋಯಿತೇ ಎಂದೆ, ತುಟಿ ಕಾಣುವ ಹಾಗೆಯೇ ಅಂದೆ. ನಾಳೆಯಿಂದ ಓಡಿ ಬಂದರೆ ನನ್ನಾಣೆ ಎಂದೆ. ಆಕೆ ಆಗಲಿ ಎಂದು ತಲೆಯಾಡಿಸಿದಳು. ಆ ರಾತ್ರಿ ನನಗೆ ನಿಶ್ಚಿಂತೆಯ ನಿದ್ದೆ ಬರಬೇಕಾಗಿತ್ತು, ಬರಲಿಲ್ಲ.

ಮರುದಿನದ ವೃತ್ತಾಂತಕ್ಕೆ ಮೊದಲು ನಮ್ಮ ಮೆಟ್ಟಿಲುಗಳ ಬಗ್ಗೆ ಒಂದು ಮಾತು. ನಮ್ಮ ಅಳಿಯ ಅಂಬರೀಶ ತಾಂಡೂರಿನಲ್ಲಿ ಕಲ್ಲಿಗೆ ಪಾಲಿಶ್ ಮಾಡುವ ಕೆಲಸದಲ್ಲಿದ್ದಾನೆ. ಅತ್ತೆ ಮಾವನ ಮೇಲಿನ ಪ್ರೀತಿಯಿಂದ ಮಾಳಿಗೆಯ ಮೆಟ್ಟಿಲಿಗೆಂದು ನೀಲಿ ಕಲ್ಲು ಕಳಿಸಿಕೊಟ್ಟ. ಪ್ರೀತಿ ಹೆಚ್ಚಾಗಿ, ಮುಖ ನೋಡಿಕೊಂಡು ಮೀಸೆ ತಿದ್ದಿಕೊಳ್ಳಬಹುದಾದಷ್ಟು ನುಣುಪು ಮಾಡಿ ಕಳಿಸಿದ. ಆ ಸಂಜೆ ನಾನು ರೊಟ್ಟಿಯ ಹಂಚು ತೊಳೆದು, ಒದ್ದೆ ಕಾಲಿನಲ್ಲಿ, ಬ್ಯಾಟರಿ ಹಿಡಿದು, ಕದಲದ ಬೆಳಕು ತೋರಿಸಲು ಅವಸರವಾಗಿ ಹತ್ತಿದೆ. ಮೇಲಿನ ಮೆಟ್ಟಿಲಿನವರೆಗೂ ಹತ್ತಿದೆನೆಂದು ನೆನಪು. ಆಮೇಲೆ ಅಂಗಳದಲ್ಲಿದ್ದೆ. ಎಡಗಾಲು ನನ್ನ ಮೈಯಡಿಯಲ್ಲಿ, ಇರಬಾರದ ದಿಕ್ಕಿನಲ್ಲಿತ್ತು. ಬ್ಯಾಟರಿ ಎಲ್ಲೋ ಉರುಳಿ ಹೋಗಿ ಆರಿತ್ತು.

ಕೂಗಿದೆ. ಕುರಿ ವಾಸನೆಯ ಕಾರಣಕ್ಕೆ ನಮ್ಮ ಮನೆ ಊರ ಹೊರಗಿದೆ, ಇರುವ ಒಬ್ಬಳೇ ನೆರೆಯವಳಾದ ಬಂಡಮ್ಮ ಮನೆಮಂದಿಯೊಂದಿಗೆ ಕಂಗ್ಟಿಗೆ ಮದುವೆಗೆ ಹೋಗಿದ್ದಳು. ನನ್ನ ಕೂಗಿಗೆ ಮರಿಗಳು ಮಾತ್ರ ಗೂಡಿನೊಳಗಿಂದ ಉತ್ತರ ಕೊಟ್ಟವು. ಆಗ ಅಡುಗೆಮನೆಯಿಂದ ಹೊಗೆ ಬರುವುದು ಕಾಣಿಸಿತು. ಆರಿಸದೆ ಬಿಟ್ಟಿದ್ದ ಒಲೆಯ ಉರಿ ತೊಗರಿ ಕಟ್ಟಿಗೆಯ ಗುಂಟ ಹೊರಗೆ ಬಂದು, ಗೂಡಿನ ಪಕ್ಕದಲ್ಲಿ ಒಟ್ಟಿದ್ದ ಕಟ್ಟಿಗೆಯ ಕಡೆಗೆ ಹೊರಟಿತ್ತು. ನಾನು ಮೊಣಕೈಯ ಮೇಲೆ ತೆವಳಲು ನೋಡಿದೆ, ಕಣ್ಣು ಕತ್ತಲಿಟ್ಟಿತು. ದಿಬ್ಬದ ಕಡೆಗೆ ನೋಡಿದೆ. ಓಡಿ ಬರಬೇಡ ಎಂದು ನಿನ್ನೆಯಷ್ಟೇ ಆಣೆ ಹಾಕಿದ್ದೆ, ಆಕೆ ತಲೆಯಾಡಿಸಿಯೂ ಇದ್ದಳು.

ಆಗ ತಾವು ಬಂದಿರಿ.

ಬೆನ್ನ ಮೇಲೆ ಬಿದ್ದುಕೊಂಡು ತಮ್ಮನ್ನು ನೋಡಿದ್ದು ಅದೇ ಮೊದಲು. ಬಹಳ ಕೆಳಗೆ ಇದ್ದಿರಿ. ಎರಡು ಸಲ ಮಿಂಚಿದಿರಿ, ಸುಮ್ಮನಾದಿರಿ, ಎರಡು ಸಲ ಮಿಂಚಿದಿರಿ. ಅಷ್ಟು ದಿನ ತಮಗೆ ಶಾಪ ಹಾಕಿದ ಬಾಯಿಂದಲೇ ಇನ್ನೊಂದು ಸಲ, ಇನ್ನೊಂದು ಸಲ ಎಂದು ಬೇಡಿಕೊಂಡೆ. ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ, ಕಣ್ಣೀರೂ ಹಾಕಿದೆ. ತಾವು ನಮ್ಮ ಮನೆಯಲ್ಲಿ ಏನಾಗುತ್ತಿದೆ ಎಂದು ಕೇಳದೆ, ತಮ್ಮ ಹಾದಿ ಹಿಡಿದು ಹೋದಿರಿ. ದಿಬ್ಬದ ಮೇಲೆ ಒಂದು ಬೆಳಕು ಒಂದೇ ಒಂದು ಸಲ ಮಿಂಚಿತು.

ಮೊದಲು ಮೋತಿ ಬಂತು, ಹಿಂದೆ ಮಾಣಿಕಮ್ಮ. ನನ್ನನ್ನು ದಾಟಿ ಒಳಗೆ ಓಡಿ ಉರಿಯುವ ಕಟ್ಟಿಗೆಯನ್ನು ಕಾಲಿನಿಂದ ಒದ್ದು, ಕೊಡದ ನೀರೆಲ್ಲ ಸುರಿದು, ಮರಿಗಳನ್ನು ಹೊರಗೆ ಬಿಟ್ಟು, ಆಮೇಲೆ ನನ್ನ ಬಳಿಗೆ ಬಂದು ಕೂತಳು. ಮರಿಗಳ ನಂತರ ನಾನು, ಈ ಸರದಿಯ ಬಗ್ಗೆ ನನಗೆ ತಕರಾರಿಲ್ಲ. ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ನನಗೆ ಆ ಹೊತ್ತಿನಲ್ಲಿಯೂ ಸತ್ಯ ಹೇಳದೆ ಇರಲಾಗಲಿಲ್ಲ. ನಾನು ಮಿಂಚಿಸಲಿಲ್ಲ, ಬ್ಯಾಟರಿ ಬಿದ್ದುಹೋಯಿತು, ಅದು ವಿಮಾನ ಎಂದೆ.

"ಇಮಾನ ಅಂತ ಎರಡನೇ ದಿನಾನೇ ಗೊತ್ತಾಗ್ಯಾದ್ರಿ," ಎಂದಳು. "ಎರಡು ಸಲ ಮಿಂಚಿದ್ರ ಬರ್ತೀನಿ ಅಂತ ಆಣಿ ಇಟ್ಟೀನಿ. ಯಾರು ಮಿಂಚಿಸಬೇಕು ಅಂತ ಮಾತಾಗಿದ್ದಿಲ್ಲ."

ಹಾಗಾದರೆ ನಿನ್ನೆ ತಲೆಯಾಡಿಸಿದ್ದು ಏಕೆ ಎಂದು ಕೇಳಿದೆ.

"ನೀವು ಸುಮ್ಮ ಆಗ್ಲಿ ಅಂತ," ಎಂದಳು. "ಮಣಕಾಲು ಕೆಟ್ಟ ಮನಷ್ಯಾ, ಒಲಿ ಮುಂದ ಒಬ್ಬರೇ ಇರ್ತೀರಿ. ಮಿಂಚಿದ್ದು ಸುಳ್ಳು ಅಂತ ನಾ ಅಲ್ಲೇ ಕುಂತ್ರ, ಖರೇ ಇದ್ದ ದಿನ ಏನ್ ಮಾಡ್ಲಿ?"

ಆಮೇಲೆ ಆಕೆ ಓಣಿಯ ತಿರುವಿಗೆ ಓಡಿ ಬಕ್ಕಪ್ಪನನ್ನು ಕರೆತಂದಳು. ಆತ ಹಾಲಿನ ಕ್ಯಾನು ಇಳಿಸಿ ಜೀಪು ಕರೆಸಿದ, ಜಹೀರಾಬಾದಿನಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿದರು. ಈಗ ಅಂಗಳದ ಹೊರಸಿನ ಮೇಲೆ ಮಲಗಿ, ತಾವು ಬರುವ ದಿಕ್ಕಿಗೆ ತಲೆ ಮಾಡಿಕೊಂಡು, ಈ ಪತ್ರದ ಎರಡನೆಯ ಕರಡನ್ನು ಬರೆಯುತ್ತಿದ್ದೇನೆ. ಅಂಬರೀಶ ತಾಂಡೂರಿನಿಂದ ಓಡಿ ಬಂದು, ತನ್ನ ನುಣುಪು ಕಲ್ಲಿಗೆ ತಾನೇ ಉಳಿಯಿಂದ ಗೀರು ಹಾಕುತ್ತ ಕೂತಿದ್ದಾನೆ. ಆತನನ್ನು ಬೈಯುವ ಕೆಲಸವನ್ನು ಶಿರೀಷಾ ವಹಿಸಿಕೊಂಡಿದ್ದಾಳೆ.

ತಾವು ಸಂತೋಷಪಡಬಹುದಾದ ಸಂಗತಿಯೂ ಒಂದು ನಡೆದಿದೆ. ಕಬ್ಬಿನ ಟ್ರ್ಯಾಕ್ಟರಿನವರೆಲ್ಲರಿಗೂ ರಾಮುಲು ತಾಕೀತು ಮಾಡಿದ್ದಾನೆ. ಸಂಜೆ ಆಕಾಶದಲ್ಲಿ ತಾವು ಎರಡು ಸಲ ಮಿಂಚಿದ್ದು ಕಂಡರೆ ಬೇವಿನ ಮರದ ತಿರುವಿಗೆ ಬಂದವರು ಅಲ್ಲಿಯೇ ನಿಂತು, ಮಾಣಿಕಮ್ಮ, ಮೋತಿ, ಹಿಂದಿನಿಂದ ಟಗರು, ಇಷ್ಟೂ ದಾಟಿದ ಮೇಲೆ ಗಾಡಿ ಬಿಡಬೇಕು. ಮೊನ್ನೆ ನಾಲ್ಕು ಟ್ರ್ಯಾಕ್ಟರು ಸಾಲಾಗಿ ನಿಂತಿದ್ದವಂತೆ. ಆಕಾಶಕ್ಕೆಂದು ಮಾಡಿದ ದೀಪವೊಂದು ನ್ಯಾಲ್ಕಲ್ ಮಂಡಲದ ಡಾಂಬರು ರಸ್ತೆಯ ಮೇಲೆ ಡಿಕ್ಕಿ ತಡೆಯುತ್ತಿದೆ ಎಂದು ತಮ್ಮನ್ನು ಮಾಡಿದ ಕಂಪನಿಯವರು ಬೇಕಾದರೆ ಬರೆದುಕೊಳ್ಳಬಹುದು, ನನ್ನದೇನೂ ಅಡ್ಡಿಯಿಲ್ಲ.

ಆದ್ದರಿಂದ ಮೊದಲ ಕರಡಿನ ಬೇಡಿಕೆಗಳನ್ನೆಲ್ಲ ಹಿಂದಕ್ಕೆ ಪಡೆದಿದ್ದೇನೆ. ದೂರನ್ನು ಪಡೆದಿಲ್ಲ, ಅದು ಇದ್ದೇ ಇದೆ. ದಿಬ್ಬದ ಮೇಲಿನಿಂದ ಬರುವ ಆ ಒಂದು ಬೆಳಕು ಇಷ್ಟು ವರ್ಷ ನನ್ನೊಬ್ಬನಿಗೆ ಸಲ್ಲುತ್ತಿತ್ತು, ಈಗ ಆಕೆ ಅದನ್ನು ದಿನಾ ತಮಗೂ ಕೊಡುತ್ತಿದ್ದಾಳೆ. ತಮಗೆ ಅದು ಮುಟ್ಟುತ್ತದೆಯೋ ಇಲ್ಲವೋ ತಿಳಿಯದು. ಮುಟ್ಟಿದ್ದರೆ, ಅದು ನನ್ನ ಸೊತ್ತು, ತಾವು ನನ್ನ ಪರವಾಗಿ ಇಟ್ಟುಕೊಂಡಿದ್ದೀರಿ ಎಂದು ಮಾತ್ರ ತಿಳಿದಿರಬೇಕು. ಇನ್ನೊಂದು ಮಾತು. ಕಳೆದ ಬುಧವಾರ ಮಂಜು ಕವಿದಿತ್ತೆಂದು ತಾವು ಬರಲೇ ಇಲ್ಲ, ಮುಂಚಿತವಾಗಿ ತಿಳಿಸಲೂ ಇಲ್ಲ. ಹೊಣೆಗಾರಿಕೆಯ ಹುದ್ದೆಯಲ್ಲಿರುವವರು ಹೀಗೆ ಮಾಡಬಾರದು. ದಯವಿಟ್ಟು ಹೊತ್ತಿಗೆ ಸರಿಯಾಗಿ ಬರುತ್ತಿರಬೇಕು, ಎರಡು ಸಲವೇ ಮಿಂಚುತ್ತಿರಬೇಕು, ಈ ಊರಿನಿಂದ ವರ್ಗ ಮಾಡಿಸಿಕೊಳ್ಳಬಾರದು ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇಷ್ಟೆಲ್ಲ ಆದ ಮೇಲೂ, ಬೇರೆ ದಾರಿ ಕಾಣದೆ, ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಧರ್ಮಣ್ಣ
(ಅಂಗಳದ ಹೊರಸಿನ ಮೇಲಿನಿಂದ)

ತಾ.ಕ.: ತಮ್ಮ ಶಾಲೆಗೆ ಭಾನುವಾರ ರಜೆಯೆಂದು ಶರಣಕುಮಾರ ಹೇಳಿದ. ಮಾಣಿಕಮ್ಮನಿಗೂ ಅದು ಗೊತ್ತಾದಂತಿದೆ. ನನ್ನ ಕಾಲು ಮುರಿದ ಮೇಲೆ, ತಾವು ಕರೆಯಲು ಬಾರದ ಭಾನುವಾರಗಳಲ್ಲಿ ಆಕೆ ಕುರಿಗಳನ್ನು ದಿಬ್ಬಕ್ಕೆ ಒಯ್ಯುತ್ತಿಲ್ಲ, ಅಂಗಳದ ಪಕ್ಕದ ಹಿತ್ತಲಲ್ಲಿಯೇ ಹೊರಸಿಗೆ ಕಾಣುವ ಹಾಗೆ ಮೇಯಿಸುತ್ತಾಳೆ. ಏಕೆಂದು ಕೇಳಿದರೆ ಅಲ್ಲಿ ಹುಲ್ಲು ಚೆನ್ನಾಗಿದೆ ಎನ್ನುತ್ತಾಳೆ. ಹಿತ್ತಲಲ್ಲಿ ಹುಲ್ಲಿಲ್ಲ. ಹೀಗಾಗಿ ವಾರಕ್ಕೊಂದು ದಿನ ನಮ್ಮ ಕುರಿಗಳು ತಮ್ಮ ರಜೆಯ ಲೆಕ್ಕದಲ್ಲಿ ಉಪವಾಸ ಬೀಳುತ್ತಿವೆ, ಇದಕ್ಕೆ ತಾವೇ ಹೊಣೆ.